ಡೀಸೆಲ್ ಕಾರೋ, ಪೆಟ್ರೋಲ್ ಕಾರೋ: ಮೈಲೇಜಿಗಿಂತ ಮೊದಲು ಓಟ ನೋಡಿ

"ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಓಡಿಸ್ತೀರಾ? ಡೀಸೆಲ್ ತಗೊಳ್ಳಿ. ಅಷ್ಟು ಓಡಲ್ವಾ? ಪೆಟ್ರೋಲ್ ಸಾಕು." ಶೋರೂಮಿನಲ್ಲೂ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಇವತ್ತಿಗೂ ಸಿಗುವ ಸಲಹೆ ಇದೇ. 2020ಕ್ಕೆ ಮೊದಲು ಈ ಮಾತು ಸರಿಯಾಗಿಯೇ ಇತ್ತು. ಈಗ ಅರ್ಧ ಮಾತ್ರ ಸರಿ.

ಇಬ್ಬರನ್ನು ಎದುರುಬದುರು ಇಟ್ಟು ನೋಡೋಣ. ಒಬ್ಬರು ಹುಬ್ಬಳ್ಳಿಯ ಒಳಗೇ ದಿನಕ್ಕೆ ಆರು ಸಲ ಎಂಟೆಂಟು ಕಿಲೋಮೀಟರ್ ಓಡಾಡುವವರು. ಅಂಗಡಿ, ಗೋದಾಮು, ಬ್ಯಾಂಕ್, ಮನೆ ಅಂತ ಸುತ್ತಿ ತಿಂಗಳಿಗೆ ಸುಮಾರು 1,450 ಕಿ.ಮೀ. ಆಗುತ್ತದೆ. ಇನ್ನೊಬ್ಬರು ತಿಂಗಳಿಗೆ ಮೂರು ಸಲ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬರುವವರು. ಅವರದ್ದೂ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್. ಇಬ್ಬರೂ ಸಾವಿರದೈನೂರರ ಆಸುಪಾಸಿನಲ್ಲೇ ಇರುವುದರಿಂದ ಹಳೆಯ ಸೂತ್ರದ ಪ್ರಕಾರ ಇಬ್ಬರಿಗೂ ಒಂದೇ ಉತ್ತರ, ಡೀಸೆಲ್. ಆದರೆ ದಾವಣಗೆರೆಯವರಿಗೆ ಡೀಸೆಲ್ ಹೇಳಿ ಮಾಡಿಸಿದ ಗಾಡಿ. ಹುಬ್ಬಳ್ಳಿಯವರು ಅದನ್ನೇ ಕೊಂಡರೆ ಎರಡನೇ ವರ್ಷಕ್ಕೇ ಸರ್ವಿಸ್ ಸೆಂಟರಿನ ದಾರಿ ಸವೆಸಬೇಕಾದೀತು. ಕಾರಣ ಇರುವುದು ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಒಂದು ಜಾಲರಿಯಲ್ಲಿ. ಅದರ ವಿಷಯಕ್ಕೆ ಆಮೇಲೆ ಬರೋಣ. ಮೊದಲು ದುಡ್ಡಿನ ಲೆಕ್ಕ.

ಅಂತರ ಕರಗಿದ ಬಗೆ

2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದ್ದಾಗ ಡೀಸೆಲ್ 41 ರೂಪಾಯಿಯೊಳಗೇ ಇತ್ತು. ಲೀಟರಿಗೆ ಮೂವತ್ತಕ್ಕೂ ಹೆಚ್ಚು ರೂಪಾಯಿ ಉಳಿಯುತ್ತಿದ್ದ ಕಾಲ ಅದು. ಆಗ ಜನ ಡೀಸೆಲ್ ಕಾರಿಗೆ ಮುಗಿಬಿದ್ದದ್ದರಲ್ಲಿ ತಪ್ಪೇನಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬಂತು, ಅಂತರ ಕರಗತೊಡಗಿತು. 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಇನ್ನೊಮ್ಮೆ ಏರಿದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ 103, ಡೀಸೆಲ್ 91 ರೂಪಾಯಿಯ ಆಸುಪಾಸಿಗೆ ಬಂದು ನಿಂತವು. ಅಂತರವಾಗಿ ಉಳಿದದ್ದು ಹನ್ನೆರಡು ರೂಪಾಯಿ.

ಇತ್ತ 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಬಂತು. ಡೀಸೆಲ್ ಹೊಗೆಯನ್ನು ಆ ಮಟ್ಟಕ್ಕೆ ಶುದ್ಧ ಮಾಡಲು ಬೇಕಾದ ಸಾಮಾನಿನ ಖರ್ಚು ಸಣ್ಣ ಕಾರುಗಳಿಗೆ ಹೊರಲಾರದ ಭಾರವಾಯಿತು. ಮಾರುತಿ ಸುಜುಕಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಫೋಕ್ಸ್‌ವ್ಯಾಗನ್, ರೆನೋ, ನಿಸಾನ್ ಸಹ ಇಲ್ಲಿ ಡೀಸೆಲ್ ಕೈಬಿಟ್ಟವು. ಹೋಂಡಾ 2023ರಲ್ಲಿ ಬಿಟ್ಟಿತು. ಹ್ಯುಂಡೈ, ಕಿಯಾ, ಟಾಟಾ, ಮಹೀಂದ್ರಾ, ಟೊಯೊಟಾ ಡೀಸೆಲ್ ಉಳಿಸಿಕೊಂಡ ಮುಖ್ಯ ಕಂಪನಿಗಳು. ಹಾಗಾಗಿ ಆರೇಳು ಲಕ್ಷದ ಸಣ್ಣ ಕಾರು ಹುಡುಕುತ್ತಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಆ ಬೆಲೆಗೆ ಹೊಸ ಡೀಸೆಲ್ ಸಿಗದು.

ಲೆಕ್ಕ ಹಾಕುವುದು ಹೀಗೆ

ಉದಾಹರಣೆಗೆ ಹ್ಯುಂಡೈ ಕ್ರೆಟಾ ತೆಗೆದುಕೊಳ್ಳೋಣ. ಒಂದೇ ಕಾರಿನಲ್ಲಿ ಸಾದಾ ಪೆಟ್ರೋಲ್, ಟರ್ಬೊ ಪೆಟ್ರೋಲ್, ಡೀಸೆಲ್ ಮೂರೂ ಸಿಗುವುದರಿಂದ ಹೋಲಿಕೆ ಸಲೀಸು. 2024ರ ಜನವರಿಯಲ್ಲಿ ಹೊಸ ರೂಪದಲ್ಲಿ ಬಂದಾಗ ತಳದ ಮಾದರಿಯ ಪೆಟ್ರೋಲಿಗೆ ಎಕ್ಸ್‌ಶೋರೂಂ 11 ಲಕ್ಷ, ಡೀಸೆಲಿಗೆ 12.45 ಲಕ್ಷ ಇತ್ತು. ವ್ಯತ್ಯಾಸ 1.45 ಲಕ್ಷ. ಆದರೆ ಜೇಬಿನಿಂದ ಹೋಗುವುದು ಅಷ್ಟೇ ಅಲ್ಲ. ಕರ್ನಾಟಕದಲ್ಲಿ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷದವರೆಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ. 17, ಅದರ ಮೇಲೆ ಸೆಸ್ ಬೇರೆ. ಆ 1.45 ಲಕ್ಷಕ್ಕೆ ತೆರಿಗೆಯೇ 27 ಸಾವಿರದಷ್ಟಾಯಿತು. ಇನ್ಶೂರೆನ್ಸ್ ಕೂಡಿಸಿದರೆ ಆನ್‌ರೋಡ್ ವ್ಯತ್ಯಾಸ ಸುಮಾರು 1.8 ಲಕ್ಷ.

ಇನ್ನು ಮೈಲೇಜ್. ಕಂಪನಿ ಹೇಳುವುದು ಮ್ಯಾನುವಲ್ ಗೇರಿನ ಪೆಟ್ರೋಲಿಗೆ 17.4, ಡೀಸೆಲಿಗೆ 21.8. ಊರು ಮತ್ತು ಹೈವೇ ಬೆರೆತ ಓಟದಲ್ಲಿ ಪೆಟ್ರೋಲಿಗೆ 13, ಡೀಸೆಲಿಗೆ 17.5 ಅಂತ ಹಿಡಿದರೆ ಮೋಸವಿಲ್ಲ. ಮೇಲೆ ಹೇಳಿದ 2025ರ ಬೆಲೆಗಳಲ್ಲಿ ಪೆಟ್ರೋಲಿಗೆ ಕಿಲೋಮೀಟರಿಗೆ 7 ರೂ. 92 ಪೈಸೆ, ಡೀಸೆಲಿಗೆ 5 ರೂ. 20 ಪೈಸೆ. ಉಳಿಯುವುದು 2 ರೂ. 72 ಪೈಸೆ. ಡೀಸೆಲಿನ ಸರ್ವಿಸ್ ಹತ್ತು ಸಾವಿರ ಕಿಲೋಮೀಟರಿಗೆ ಒಂದೆರಡು ಸಾವಿರ ಹೆಚ್ಚು ಬರುತ್ತದೆ, ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವದ ಖರ್ಚೂ ಇದೆ. ಇವನ್ನು ಕಳೆದರೆ ನಿಜವಾದ ಉಳಿತಾಯ ಕಿಲೋಮೀಟರಿಗೆ ಎರಡೂವರೆ ರೂಪಾಯಿಗಿಂತ ತುಸು ಕಡಿಮೆ, 2 ರೂ. 45 ಪೈಸೆ.

1.8 ಲಕ್ಷವನ್ನು 2.45ರಿಂದ ಭಾಗಿಸಿ: ಸುಮಾರು 73,500 ಕಿ.ಮೀ. ಹೆಚ್ಚುವರಿ ಕೊಟ್ಟ ದುಡ್ಡು ವಾಪಸ್ ಬರಲು ಅಷ್ಟು ಓಡಬೇಕು. ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ ಒಂಬತ್ತು ವರ್ಷ, 15,000 ಓಡಿಸುವವರಿಗೆ ಐದು ವರ್ಷ, 25,000 ಓಡಿಸುವವರಿಗೆ ಮೂರು ವರ್ಷ. ಹೆಚ್ಚಿನವರು ಮರೆಯುವುದು ಸಾಲದ ಬಡ್ಡಿಯನ್ನು. ಆ 1.8 ಲಕ್ಷವೂ ಸಾಲದಲ್ಲೇ ಬಂದಿದ್ದರೆ, ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಟ್ಟುವುದು 2.24 ಲಕ್ಷ. ಆಗ 73 ಸಾವಿರದ ಗುರಿ 91 ಸಾವಿರಕ್ಕೆ ಜಿಗಿಯುತ್ತದೆ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಮೇಲಿನದು ಸಾದಾ ಪೆಟ್ರೋಲ್ ಜೊತೆಗಿನ ಹೋಲಿಕೆ. ಅದರ ಎಳೆತ 144 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 4,500 ಸುತ್ತು, ಅಂದರೆ 4,500 ಆರ್‌ಪಿಎಂ ಮುಟ್ಟಿದಾಗ. ಡೀಸೆಲ್ 1,500ರಿಂದಲೇ 250 ನ್ಯೂಟನ್ ಮೀಟರ್ ಕೊಡುತ್ತದೆ. ಅಂಥದ್ದೇ ಎಳೆತ ಪೆಟ್ರೋಲಿನಲ್ಲಿ ಬೇಕೆಂದರೆ 253 ನ್ಯೂಟನ್ ಮೀಟರಿನ ಟರ್ಬೊ ಪೆಟ್ರೋಲಿಗೆ ಹೋಗಬೇಕು. ಅದೇ 2024ರ ಜನವರಿಯಲ್ಲಿ ಮೇಲ್ತುದಿಯ ಮಾದರಿಯಲ್ಲಿ ಡೀಸೆಲ್ ಆಟೊಮ್ಯಾಟಿಕ್‌ಗೂ ಟರ್ಬೊ ಪೆಟ್ರೋಲ್ ಆಟೊಮ್ಯಾಟಿಕ್‌ಗೂ ಬೆಲೆ ಒಂದೇ, 20 ಲಕ್ಷ. ಟರ್ಬೊ ಪೆಟ್ರೋಲ್ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಲೀಟರಿಗೆ ಹತ್ತರ ಕೆಳಗೂ ಇಳಿಯುತ್ತದೆ. ಹಾಗಾಗಿ ಟರ್ಬೊ ಪೆಟ್ರೋಲ್ ಮತ್ತು ಡೀಸೆಲ್ ನಡುವೆ ಆಯ್ಕೆ ಮಾಡುವವರಿಗೆ ವಾಪಸ್ ಗಳಿಸಬೇಕಾದ ದುಡ್ಡೇ ಇಲ್ಲ. ಉದ್ದದ ಓಟ ಇದ್ದರೆ ಡೀಸೆಲ್ ಮೊದಲ ದಿನದಿಂದಲೇ ಲಾಭ. ಯಾವ ಪೆಟ್ರೋಲ್ ಜೊತೆ ಹೋಲಿಸುತ್ತಿದ್ದೀರಿ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ನಾಲ್ಕು ಮೀಟರ್ ಒಳಗಿನ ಗಾಡಿಗಳಲ್ಲಿ ತೆರಿಗೆಯೂ ಈಗ ಡೀಸೆಲಿನ ಕಡೆಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಜಿಎಸ್‌ಟಿ ಶೇ. 18, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಸಣ್ಣದು ಅನ್ನಿಸಿಕೊಳ್ಳಲು ಪೆಟ್ರೋಲ್ ಎಂಜಿನ್ 1,200 ಸಿಸಿ ಒಳಗಿರಬೇಕು, ಡೀಸೆಲ್ಲಿಗೆ 1,500 ಸಿಸಿವರೆಗೆ ಅವಕಾಶ. ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ ಇವುಗಳ ಡೀಸೆಲ್ ಎಂಜಿನ್‌ಗಳೆಲ್ಲ 1,500ರ ಒಳಗೇ ಇರುವುದರಿಂದ ಶೇ. 18ರಲ್ಲೇ ಬರುತ್ತವೆ. ಅಷ್ಟೇ ಉದ್ದದ ಬ್ರೆಝಾಗೆ 1,462 ಸಿಸಿ ಪೆಟ್ರೋಲ್ ಎಂಜಿನ್ ಇರುವ ಕಾರಣ ಶೇ. 40. ಜೊತೆಗೆ ರಾಜ್ಯದ ರಸ್ತೆ ತೆರಿಗೆ ಹತ್ತು ಲಕ್ಷದ ಗಡಿಯಲ್ಲಿ ಶೇ. 14ರಿಂದ 17ಕ್ಕೆ ಏರುತ್ತದೆ. ಪೆಟ್ರೋಲ್ ಮಾದರಿ ಗಡಿಯ ಈಚೆ, ಡೀಸೆಲ್ ಆಚೆ ಬಿದ್ದರೆ ಇಡೀ ಬೆಲೆಗೆ ಮೂರು ಪರ್ಸೆಂಟ್ ಹೆಚ್ಚು ಬೀಳುತ್ತದೆ. ಕೊಟೇಶನ್ ಕೈಗೆ ಬಂದಾಗ ಈ ಸಾಲನ್ನು ನೋಡದೆ ಬಿಡಬೇಡಿ.

ಡಿಪಿಎಫ್: ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವ ಭಾಗ

ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಹಳೆಯ ಗಾಡಿಗಳು ಅದನ್ನು ಹಿಂದಿನಿಂದ ಬರುವವರ ಮುಖಕ್ಕೆ ಉಗುಳುತ್ತಿದ್ದವು. ಬಿಎಸ್6 ಗಾಡಿಯಲ್ಲಿ ಆ ಮಸಿಯನ್ನು ಜೇನುಗೂಡಿನಂಥ ಸೆರಾಮಿಕ್ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಅದು ತುಂಬಿದಂತೆಲ್ಲ ಸುಟ್ಟು ಬೂದಿ ಮಾಡಬೇಕು, ಅದಕ್ಕೆ 600 ಡಿಗ್ರಿಯಷ್ಟು ಶಾಖ ಬೇಕು. ಊರೊಳಗೆ ತೆವಳುವಾಗ ಸೈಲೆನ್ಸರಿನ ಗಾಳಿ ಇದರ ಅರ್ಧದಷ್ಟೂ ಕಾಯುವುದಿಲ್ಲ. ಆದ್ದರಿಂದ ಕೆಲವು ನೂರು ಕಿಲೋಮೀಟರಿಗೊಮ್ಮೆ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಶಾಖ ಏರಿಸುತ್ತದೆ. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಪೂರ್ತಿಯಾಗಲು ಗಾಡಿ ಹತ್ತರಿಂದ ಇಪ್ಪತ್ತು ನಿಮಿಷ ಒಂದೇ ಹದದ ವೇಗದಲ್ಲಿ ಓಡುತ್ತಿರಬೇಕು.

ಎಂಟು ಕಿಲೋಮೀಟರಿನ ಓಟದಲ್ಲಿ ಮೊದಲ ನಾಲ್ಕೈದು ಕಿಲೋಮೀಟರ್ ಎಂಜಿನ್ ಕಾಯಲಿಕ್ಕೇ ಹೋಗುತ್ತದೆ. ಸುಡುವ ಕೆಲಸ ಶುರುವಾಗುವಷ್ಟರಲ್ಲಿ ಅಂಗಡಿ ಬಂತು, ಕೀ ತಿರುಗಿಸಿ ಇಳಿದಿರಿ. ಕೆಲಸ ಅರ್ಧಕ್ಕೆ ನಿಂತಿತು. ಹೀಗೆ ಹತ್ತಾರು ಸಲ ಆದರೆ ಎರಡು ತೊಂದರೆ ಕೂಡಿಬರುತ್ತವೆ. ಮಸಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸುಡಲೆಂದು ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್ ಸೇರುತ್ತದೆ. ಕಾರಿನ ಆಯಿಲ್ ಕಾಲಕ್ರಮದಲ್ಲಿ ಕಡಿಮೆಯಾಗುವುದು ಲೋಕರೂಢಿ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಸರ್ವಿಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಿಸಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಟರ್ಬೊ ಮತ್ತು ಬೇರಿಂಗ್‌ಗಳು ಸವೆಯುತ್ತವೆ.

ರೀಜನರೇಶನ್ ನಡೆಯುತ್ತಿದೆ ಎಂದು ಗುರುತಿಸುವುದು ಕಷ್ಟವಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ಮೇಲಿರುತ್ತದೆ, ಮೈಲೇಜ್ ತೋರಿಸುವ ಅಂಕಿ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಸುಟ್ಟ ಕಬ್ಬಿಣದಂಥ ವಾಸನೆ ಬರುತ್ತದೆ. ಇವು ಕಂಡಾಗ ಸಾಧ್ಯವಾದರೆ ಇನ್ನೊಂದು ಸುತ್ತು ಹಾಕಿ ಬನ್ನಿ.

ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದರೆ ಹೈವೇಗೆ ಹೋಗಿ, 60ರಿಂದ 80ರ ವೇಗದಲ್ಲಿ, ಆರ್‌ಪಿಎಂ 2,000ಕ್ಕಿಂತ ಕೆಳಗಿಳಿಯದಂತೆ ಒಂದು ಗೇರ್ ಕಡಿಮೆ ಇಟ್ಟು, ಹದಿನೈದು-ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಹೊರಡುವ ಮೊದಲು ಟ್ಯಾಂಕ್ ನೋಡಿಕೊಳ್ಳಿ. ಡೀಸೆಲ್ ರಿಸರ್ವ್‌ನಲ್ಲಿದ್ದರೆ ಅನೇಕ ಗಾಡಿಗಳು ಸುಡುವ ಕೆಲಸವನ್ನೇ ಶುರುಮಾಡುವುದಿಲ್ಲ. ದೀಪ ಮಿನುಗತೊಡಗಿದರೆ, ಎಂಜಿನ್ ದೀಪವೂ ಜೊತೆಗೂಡಿ ಗಾಡಿ ಪಿಕಪ್ ಕಳೆದುಕೊಂಡರೆ, ಆಮೇಲೆ ಹೈವೇ ಓಟ ಉಪಯೋಗಕ್ಕೆ ಬಾರದು. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿ ಬಲವಂತವಾಗಿ ಸುಡಿಸಬೇಕು, ಅದಕ್ಕೂ ಬಗ್ಗದಿದ್ದರೆ ಬಿಚ್ಚಿ ತೊಳೆಸಬೇಕು ಅಥವಾ ಬದಲಿಸಬೇಕು. ಫಿಲ್ಟರ್ ಬದಲಿಸುವ ಖರ್ಚು ಡೀಸೆಲಿನಿಂದ ವರ್ಷಗಟ್ಟಲೆ ಉಳಿಸಿದ್ದನ್ನು ಒಂದೇ ಬಿಲ್ಲಿನಲ್ಲಿ ನುಂಗುತ್ತದೆ. ಕೆಲವರು ಫಿಲ್ಟರನ್ನೇ ತೆಗೆಸಿ ಖಾಲಿ ಪೈಪ್ ಹಾಕಿಸುತ್ತಾರೆ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಮನೆಯ ಮಕ್ಕಳೇ ಆ ಮಸಿ ಉಸಿರಾಡುತ್ತಾರೆ. ದಯವಿಟ್ಟು ಮಾಡಿಸಬೇಡಿ.

ಆಯಿಲ್ ವಿಷಯದಲ್ಲಿ ಜಿಪುಣತನ ಸಲ್ಲದು. ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿ ಬಿಡುವ ಆಯಿಲ್ ಬೇಕು. ಡಬ್ಬಿಯ ಮೇಲೆ ಎಸಿಇಎ ಸಿ2, ಸಿ3 ಅಂತ ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿ ಯಾವುದನ್ನು ಹೇಳುತ್ತದೋ ಅದನ್ನೇ ಹಾಕಿಸಿ. ಮಸಿಯನ್ನು ಸುಡಬಹುದು. ಆಯಿಲ್‌ನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ನೀಲಿ ಮುಚ್ಚಳದ ಡಿಇಎಫ್

ಈಗಿನ ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ, ಸಾಮಾನ್ಯವಾಗಿ ನೀಲಿ ಮುಚ್ಚಳ. ಅದಕ್ಕೆ ಹಾಕುವುದು ಶುದ್ಧ ನೀರಿನಲ್ಲಿ ಶೇ. 32.5 ಯೂರಿಯಾ ಬೆರೆಸಿದ ದ್ರವ. ಆಡ್‌ಬ್ಲೂ ಎಂಬ ಹೆಸರಿನಲ್ಲೂ ಸಿಗುತ್ತದೆ. ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳನ್ನು ಅದು ತಟಸ್ಥಗೊಳಿಸುತ್ತದೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರಿನ ಆಸುಪಾಸು ಖರ್ಚು, ಹೊರೆಯೇನಲ್ಲ. ಖಾಲಿಯಾಗಲು ಬಿಟ್ಟರೆ ಮಾತ್ರ ಪೇಚು: ಗಾಡಿ ಮೊದಲೇ ಎಚ್ಚರಿಸುತ್ತಾ ಬಂದು, ಕೊನೆಗೆ ಒಮ್ಮೆ ಆಫ್ ಮಾಡಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹೊಲಕ್ಕೆ ತಂದ ಯೂರಿಯಾ ಗೊಬ್ಬರವನ್ನು ನಲ್ಲಿ ನೀರಿನಲ್ಲಿ ಕರಗಿಸಿ ಹಾಕುವ ಸಾಹಸ ಬೇಡ. ನೀರಿನ ಲವಣ ಮತ್ತು ಗೊಬ್ಬರದ ಕಲ್ಮಶ ನಳಿಕೆಯನ್ನೂ ಕ್ಯಾಟಲಿಸ್ಟನ್ನೂ ಕಟ್ಟಿಹಾಕುತ್ತವೆ. ಸೀಲ್ ಇರುವ ಡಬ್ಬಿಯನ್ನೇ ಕೊಳ್ಳಿ. ಬಂಕಿನಲ್ಲಿ ಹುಡುಗರು ಆತುರದಲ್ಲಿ ಡಿಇಎಫ್ ಬಾಯಿಗೆ ಡೀಸೆಲ್ ಸುರಿಯದಂತೆ ಪಕ್ಕದಲ್ಲೇ ನಿಂತಿರಿ.

ಓಡಿಸುವಾಗಿನ ವ್ಯತ್ಯಾಸ

ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಚಾರ್ಮಾಡಿ ಇಲ್ಲವೇ ಆಗುಂಬೆ ಘಾಟಿ ಹತ್ತಿದಾಗ ಡೀಸೆಲಿನ ಗುಣ ತಿಳಿಯುತ್ತದೆ. ತಿರುವಿನಲ್ಲಿ ವೇಗ ಇಳಿದರೂ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ. ಸಾದಾ ಪೆಟ್ರೋಲಿನಲ್ಲಿ ಎರಡನೇ ಗೇರಿಗೆ ಇಳಿಸಿ ಎಂಜಿನ್ ಕೂಗಿಸಬೇಕು. ಹೈವೇಯಲ್ಲಿ ಲಾರಿ ದಾಟಿಸುವಾಗಲೂ ಇದೇ ಕಥೆ. ಬೆಂಗಳೂರಿನಿಂದ ಕಲಬುರಗಿಗೋ ಬೀದರಿಗೋ ತಿಂಗಳಿಗೆರಡು ಸಲ ಹೋಗುವವರಿಗೆ ಈ ನಿರಾಯಾಸ ಎಳೆತ ಮೈಕೈ ನೋವನ್ನೇ ಕಡಿಮೆ ಮಾಡುತ್ತದೆ, ಒಂದು ಫುಲ್ ಟ್ಯಾಂಕಿನಲ್ಲಿ ಎಂಟುನೂರು ಕಿಲೋಮೀಟರ್ ಮೇಲೆ ಬರುವುದು ಬೇರೆ.

ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ಲೆಕ್ಕ ತಿರುಗುಮುರುಗು. ಪೆಟ್ರೋಲ್ ಸದ್ದಿಲ್ಲದೆ ನಿಂತಿರುತ್ತದೆ, ಕ್ಲಚ್ ಹಗುರ. ಡೀಸೆಲಿನ ಕ್ಲಚ್ ಹೆಚ್ಚು ಎಳೆತ ತಡೆಯಬೇಕಾದ್ದರಿಂದ ಗಡಸು, ಸವೆದಾಗ ಬದಲಿಸಲೂ ಖರ್ಚು ಹೆಚ್ಚು. ಊರೊಳಗೆ ಹೆಚ್ಚು ಓಡಾಟವಿದ್ದೂ ಡೀಸೆಲ್ಲೇ ಬೇಕೆನ್ನುವವರು ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ದ್ರವದ ಮೂಲಕ ಎಳೆತ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ತಗೊಳ್ಳುವುದು ಒಳ್ಳೆಯದು.

ಪೆಟ್ರೋಲಿನದ್ದೂ ಎಚ್ಚರಗಳಿವೆ

ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಇ20 ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ಕೆಲವು ಪರ್ಸೆಂಟ್ ಇಳಿಯುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರ್ ಪೈಪು, ಸೀಲ್‌ಗಳು ಇದಕ್ಕೆ ಹೊಂದುತ್ತವೆ. ಹಳೆಯ ಪೆಟ್ರೋಲ್ ಕಾರು ಕೊಳ್ಳುವುದಾದರೆ ಇಂಧನದ ಪೈಪುಗಳನ್ನು ಮೆಕ್ಯಾನಿಕ್ ಕೈಲಿ ಒಮ್ಮೆ ನೋಡಿಸಿ. ಎಥನಾಲ್ ತೇವ ಹೀರುವ ಸ್ವಭಾವದ್ದು. ವಿದೇಶದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರ ಮನೆಯಂಗಳದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದು ತೊಂದರೆ ಕೊಡಬಲ್ಲದು.

ಊರೊಳಗಿನ ಓಟವೇ ಹೆಚ್ಚಿರುವವರು ಡೀಸೆಲ್ ಬದಲು ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರುವ ಕಾರು ನೋಡಬೇಕು ಅನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಬಿಡದಿಯಲ್ಲಿ ತಯಾರಾಗುವ ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳು ಟ್ರಾಫಿಕ್‌ನಲ್ಲಿ ಬ್ಯಾಟರಿಯಲ್ಲೇ ತೆವಳುತ್ತವೆ. ಊರೊಳಗೆ ಲೀಟರಿಗೆ 21 ಬಂದರೂ ಕಿಲೋಮೀಟರಿಗೆ 4 ರೂ. 90 ಪೈಸೆ, ಡೀಸೆಲಿಗಿಂತ ಅಗ್ಗ, ಡಿಪಿಎಫ್ ಚಿಂತೆಯಿಲ್ಲ. ಕೊಳ್ಳುವ ಬೆಲೆ ಮಾತ್ರ ಡೀಸೆಲಿನಷ್ಟೇ ಅಥವಾ ಹೆಚ್ಚು. ದೊಡ್ಡ ಕುಟುಂಬದವರಿಗೂ ಇದೇ ಆಯ್ಕೆ ಎದುರಾಗುತ್ತದೆ. ಇನ್ನೋವಾ ಕ್ರಿಸ್ಟಾ 2.4 ಲೀಟರಿನ ಡೀಸೆಲ್, ಮ್ಯಾನುವಲ್ ಗೇರ್. ಹೈಕ್ರಾಸ್ ಪೆಟ್ರೋಲ್, ಹೈಬ್ರಿಡ್‌ನಲ್ಲೂ ಸಿಗುತ್ತದೆ. ತೋಟದ ಕಚ್ಚಾ ರಸ್ತೆ, ಏಳು ಜನರ ಭಾರ, ಉದ್ದದ ಪ್ರಯಾಣ ಇರುವವರಿಗೆ ಚೌಕಟ್ಟಿನ ಮೇಲೆ ಕಟ್ಟಿದ ಕ್ರಿಸ್ಟಾ, ನಗರವಾಸಿಗಳಿಗೆ ಹೈಕ್ರಾಸ್.

ಸೆಕೆಂಡ್ ಹ್ಯಾಂಡ್ ಡೀಸೆಲ್

ಬಿಎಸ್6ಕ್ಕೆ ಮೊದಲಿನ ಬಿಎಸ್4 ಕಾಲದ ಸಣ್ಣ ಡೀಸೆಲ್‌ಗಳಲ್ಲಿ ಬಹುತೇಕ ಡಿಪಿಎಫ್ ಇರುವುದಿಲ್ಲ. ಸ್ವಿಫ್ಟ್, ಡಿಜೈರ್‌ಗಳ 1,248 ಸಿಸಿ ಎಂಜಿನಿಗೆ ಬಿಡಿಭಾಗ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ. ಅದಕ್ಕೇ ಈಗಲೂ ಬೇಡಿಕೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಮೇಲೆ ನಿರ್ಬಂಧ ಹೇರಿದ್ದರಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರತೊಡಗಿದವು. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸುವ ಖರ್ಚು ಸೇರಿಸಿದರೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಿ.

ನೋಡಲು ಬೆಳಿಗ್ಗೆಯೇ ಹೋಗಿ, "ಸ್ಟಾರ್ಟ್ ಮಾಡಬೇಡಿ, ಬರ್ತಿದ್ದೀನಿ" ಅಂತ ಮೊದಲೇ ಹೇಳಿರಿ. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣನೆಯ ಎಂಜಿನ್ ಹೆಚ್ಚು ಒದ್ದಾಡದೆ ಹತ್ತಬೇಕು. ನಿಲ್ಲದೆ ಬರುವ ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಕಾದ ಮೇಲೂ ಬಿಳಿ ಹೊಗೆ ಇದ್ದರೆ ಇಂಜೆಕ್ಟರ್ ಅಥವಾ ಕೂಲಂಟ್ ಸೋರಿಕೆಯ ಅನುಮಾನ, ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕರಿ ಹೊಗೆ ಬಂದರೆ ಇಂಜೆಕ್ಟರ್, ಟರ್ಬೊ ಪೈಪು ಅಥವಾ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ನೋಡಿಸಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ. ಒಳಗಿಂದ ಗಾಳಿ ದಬದಬನೆ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗ್ ಸವೆದಿವೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಕಿಲೋಮೀಟರ್ ಮೀಟರಿಗಿಂತ ಸರ್ವಿಸ್ ದಾಖಲೆ, ಕ್ಲಚ್ ಪೆಡಲಿನ ರಬ್ಬರ್, ಡ್ರೈವರ್ ಸೀಟಿನ ಅಂಚು ಹೆಚ್ಚು ನಿಜ ಹೇಳುತ್ತವೆ. ಬಿಎಸ್6 ಡೀಸೆಲ್ ಆಗಿದ್ದರೆ ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ, ಕೊನೆಯ ರೀಜನರೇಶನ್ ಆಗಿ ಎಷ್ಟು ಕಿಲೋಮೀಟರ್ ಆಯಿತು ಎಂದು ಓದಿಸಿ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡಿ: ಡಿಪಿಎಫ್ ಸರಿಯಾಗಿರುವ ಗಾಡಿಯಲ್ಲಿ ಬೆರಳಿಗೆ ಮಸಿ ಹತ್ತುವುದಿಲ್ಲ. ಕಪ್ಪಗಾದರೆ ಜಾಲರಿ ಒಡೆದಿದೆ, ಇಲ್ಲವೇ ಹಿಂದಿನವರು ಕಿತ್ತುಹಾಕಿಸಿದ್ದಾರೆ.